ಕೋವಿಯವರ ಮನೆ, ಬಿಲ್ಲಿನವರ ತೋಟ

ಶುಕ್ರವಾರ: ಸ್ವಾಸೋಂ

ಪ್ಯಾರಿಸ್ಸಿನ ಮಾರೇ ಎಂಬ ಹಳೆಯ ಬಡಾವಣೆಯಲ್ಲಿ ಆರ್ಕೆಬ್ಯೂಜಿಯೆ ಎಂಬ ಚಿಕ್ಕ ಬೀದಿಯಿದೆ. ಅಣ್ಣನ ಮಗ ಸುಹಾಸ್ ಅದರ ಹತ್ತಿರವೇ ಕೆಲಸ ಮಾಡುತ್ತಾನೆ. ಆರ್ಕೆಬ್ಯೂಜ್ ಎಂದರೆ ಬತ್ತಿಗೆ ಕಿಡಿ ಹೊತ್ತಿಸಿ ಹಾರಿಸುವ ಹಳೆಯ ಕಾಲದ ಕೋವಿ, ಆರ್ಕೆಬ್ಯೂಜಿಯೆ ಎಂದರೆ ಆ ಕೋವಿಯವರು, ಊರೂರಿನಲ್ಲಿಯೂ ಅವರದ್ದೊಂದು ಸಂಘ, ಸಂಘಕ್ಕೊಂದು ಮನೆ ಇತ್ತಂತೆ ಎಂದು ಅವನು ಹೇಳಿದ. ಸೋಮವಾರಪೇಟೆಯ ಕಡೆಯವಳಾದ ನನಗೆ ಕೋವಿ ಎಂದರೆ ಕಿವಿ ನಿಮಿರುತ್ತದೆ. ಅಂಥ ಮನೆ ಈಗಲೂ ನಿಂತಿರುವ ಊರು ಯಾವುದು ಎಂದು ಹುಡುಕಿಸಿದಾಗ ಸಿಕ್ಕಿದ್ದು ಸ್ವಾಸೋಂ. ಪ್ಯಾರಿಸ್ಸಿನಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರ್. ಗಾರ್ ದ್ಯು ನೋರ್ ನಿಲ್ದಾಣದಿಂದ ಲಾಂ ಊರಿಗೆ ಹೋಗುವ ಪ್ರಾದೇಶಿಕ ರೈಲು ಹತ್ತಿದರಾಯಿತು.

ಏಪ್ರಿಲ್ ಕೊನೆಯ ವಾರ. ಕಿಟಕಿಯಾಚೆ ಸಾಸಿವೆ ಜಾತಿಯ ಎಣ್ಣೆಬೀಜದ ಹೊಲಗಳು ಕಣ್ಣು ಕುಕ್ಕುವ ಹಳದಿಯಲ್ಲಿ ಅರಳಿದ್ದವು, ಅವುಗಳ ಮೇಲೆ ಸೀಸದ ಬಣ್ಣದ ಮೋಡ. ವಿಲೇರ್-ಕೊತ್ರೆ ದಾಟುವಾಗ ಎರಡೂ ಕಡೆ ಬೀಚ್ ಮರಗಳ ಕಾಡು, ಆಗಷ್ಟೇ ಚಿಗುರಿದ ಎಲೆ. 1539ರಲ್ಲಿ ದೊರೆ ಒಂದನೇ ಫ್ರಾಂಸ್ವಾ ನ್ಯಾಯಾಲಯದ ಕಾಗದಪತ್ರಗಳೆಲ್ಲ ಫ್ರೆಂಚಿನಲ್ಲಿಯೇ ಇರಬೇಕೆಂದು ಶಾಸನ ಹೊರಡಿಸಿದ್ದು ಈ ಊರಿನಿಂದ. ನಿಲ್ದಾಣದಲ್ಲಿ ಇಬ್ಬರು ಇಳಿದರು, ಒಬ್ಬ ಹತ್ತಿದ.

ಸ್ವಾಸೋಂನಲ್ಲಿ ಇಳಿಯುತ್ತಲೇ ಮಳೆ. ನಮ್ಮ ಕಡೆಯಂತೆ ಸುರಿದು ಮುಗಿಸುವ ಜಾಯಮಾನದ್ದಲ್ಲ. ಜಿನುಗುತ್ತಲೇ ಇರುತ್ತದೆ, ಕೊಡೆ ಬಿಚ್ಚಿದರೆ ನಿಲ್ಲುತ್ತದೆ, ಮಡಚಿದರೆ ಶುರುವಾಗುತ್ತದೆ. ನಿಲ್ದಾಣದಿಂದ ಊರ ನಡುವಿಗೆ ಬರುವಷ್ಟರಲ್ಲಿ ಗಾಳಿ ನನ್ನ ಕೊಡೆಯ ಎರಡು ಕಡ್ಡಿಗಳನ್ನು ತಿರುಚಿ ಹಾಕಿತು. ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಮೊದಲ ಹೋಟೆಲಿನವಳು ಕುರ್ಚಿಗಳನ್ನು ಮೇಜಿನ ಮೇಲೆ ಏರಿಸುತ್ತಿದ್ದಳು, ಎರಡನೆಯವನು ಗಡಿಯಾರ ತೋರಿಸಿದ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಮಧ್ಯಾಹ್ನ ಎರಡಕ್ಕೆ ಒಲೆ ಆರಿತೆಂದರೆ ಮತ್ತೆ ಹೊತ್ತುವುದು ಸಂಜೆ ಏಳರ ನಂತರವೇ. ಕೊನೆಗೆ ಒಂದು ಬೇಕರಿಯಲ್ಲಿ ಚೀಸ್ ತುಂಬಿದ ಬ್ರೆಡ್ಡು ಕೊಂಡು ಕೆಥೆಡ್ರಲ್ಲಿನ ಗೋಡೆಯ ಮರೆಯಲ್ಲಿ ನಿಂತು ತಿಂದೆವು.

ಆ ಕೆಥೆಡ್ರಲ್ಲಿಗೆ ಒಂದೇ ಗೋಪುರ. ಇನ್ನೊಂದನ್ನು ಕಟ್ಟಲೇ ಇಲ್ಲ. ಒಳಗೆ ರೂಬೆನ್ಸ್ ಬರೆದ ದೊಡ್ಡ ಚಿತ್ರವಿದೆ: ಕೂಸು ಯೇಸುವನ್ನು ನೋಡಲು ಬಂದ ಕುರುಬರು. ಮೊದಲ ಮಹಾಯುದ್ಧದಲ್ಲಿ ಏನ್ ನದಿಯ ದಡದ ಈ ಊರು ರಣರೇಖೆಯ ಮೇಲೆಯೇ ಇತ್ತು. ಫಿರಂಗಿಗಳು ಕೆಥೆಡ್ರಲ್ಲಿನ ನಡುಭಾಗವನ್ನು ಬಗೆದು ಹಾಕಿದ್ದವು. ಈಗ ಕಾಣುವುದರಲ್ಲಿ ಹೆಚ್ಚಿನ ಪಾಲು ಯುದ್ಧದ ನಂತರ ಜೋಡಿಸಿದ್ದು.

ಸಂಜೆ ಮಳೆ ನಿಂತ ಮೇಲೆ ಸ್ಯಾಂ-ಜಾಂ-ದೆ-ವೀನ್ಯ ಮಠದ ಕಡೆ ನಡೆದೆವು. 1076ರಲ್ಲಿ ಸ್ಥಾಪನೆಯಾದ ಮಠ. ಎದುರಿನಿಂದ ನೋಡಿದರೆ ಎರಡು ಗೋಪುರಗಳ ಭಾರಿ ಚರ್ಚು. ಹಿಂದಕ್ಕೆ ಹೋದರೆ ಚರ್ಚೇ ಇಲ್ಲ, ಆಕಾಶ! ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೆಥೆಡ್ರಲ್ಲಿನ ದುರಸ್ತಿಗೆ ಕಲ್ಲು ಬೇಕಾಗಿ, ಈ ಚರ್ಚಿನ ಒಡಲನ್ನೆಲ್ಲ ಕಳಚಿ ಒಯ್ದರು. ಗೋಪುರಗಳನ್ನಾದರೂ ಬಿಡಿ ಎಂದು ಊರಿನವರು ಗಲಾಟೆ ಮಾಡಿದ್ದರಿಂದ ಮುಂಭಾಗ ಉಳಿಯಿತು. ಹಾಗೆ ನೋಡಿದರೆ ಒಂದು ದೇವಾಲಯ ಇನ್ನೊಂದನ್ನು ತಿಂದಿದೆ.

ಶನಿವಾರ: ಕೋವಿಯವರ ಮನೆ

ಬೆಳಿಗ್ಗೆ ಸಂತೆ. ಗುಲಾಬಿ ಮೂಲಂಗಿಯ ಕಟ್ಟುಗಳು, ಮಣ್ಣು ಮೆತ್ತಿದ ಶತಾವರಿ ಕುಡಿ, ಮೇಕೆ ಹಾಲಿನ ಚೀಸು. ಒಬ್ಬ ಅಜ್ಜಿ ಬಟ್ಟೆಯ ಚೀಲಗಳಲ್ಲಿ ಸ್ವಾಸೋಂನ ಹೆಸರುವಾಸಿ ಬಿಳಿ ಕಾಳು ಇಟ್ಟುಕೊಂಡು ಕುಳಿತಿದ್ದರು. ಹೆಬ್ಬೆರಳಿನ ತುದಿಯಷ್ಟು ದಪ್ಪ ಕಾಳು, ಕೋಲಿಗೆ ಹಬ್ಬಿಸಿ ಬೆಳೆಯುತ್ತಾರೆ. ಬೆಲೆ ಕೇಳಿ ನಾನು ಹಿಂದೆ ಸರಿದೆ. ಅಜ್ಜಿ ನಕ್ಕು, ಇದನ್ನು ಕೈಯಲ್ಲಿಯೇ ಕೊಯ್ಯಬೇಕು, ಕೈಯಲ್ಲಿಯೇ ಆರಿಸಬೇಕು ಎಂದರು. ರಾತ್ರಿಯಿಡೀ ನೆನೆಸು, ಬೇಯುವ ತನಕ ಉಪ್ಪು ಹಾಕಬೇಡ ಎಂಬ ಬುದ್ಧಿಮಾತನ್ನೂ ಸೇರಿಸಿ ಅರ್ಧ ಕಿಲೋ ಕಟ್ಟಿಕೊಟ್ಟರು. ಕೋವಿಯವರ ಮನೆ ಎಲ್ಲಿ ಎಂದು ಸುಹಾಸ್ ಕೇಳಿದ್ದಕ್ಕೆ, "ಅಲ್ಲಿ ನೋಡುವಂಥದ್ದೇನಿದೆ? ಹೊರಗಿನಿಂದ ಒಂದು ಫೋಟೋ ಹಿಡಿದುಕೊಂಡು ಬಾ" ಎಂದು ದಾರಿ ಹೇಳಿದರು.

ದೊಡ್ಡ ಕಟ್ಟಡವಲ್ಲ ಅದು. ಈ ಊರಿನಲ್ಲಿ ಚರ್ಚು, ಮಠ, ಕೋಟೆಗೋಡೆ ಎಲ್ಲವೂ ಬಿಳಿ ಸುಣ್ಣಕಲ್ಲಿನವು. ಅವುಗಳ ನಡುವೆ ಇದೊಂದು ಕೆಂಪು ಇಟ್ಟಿಗೆಯ ಮೈ, ಮೂಲೆಗಳಿಗೆ ಬಿಳಿ ಕಲ್ಲಿನ ಅಂಚು, ಮೇಲೆ ಕಡಿದಾದ ಸ್ಲೇಟಿನ ಮಾಡು. ಹದಿಮೂರನೇ ಲೂಯಿಯ ಕಾಲದ ಶೈಲಿ ಅದು, 1620ರ ದಶಕದಲ್ಲಿ ಕಟ್ಟಿದ್ದು. ಆರ್ಕೆಬ್ಯೂಜ್ ಮಂಟಪ ಎಂಬ ಹೆಸರು ಉಳಿದಿದೆ, ಕೋವಿಯವರು ಉಳಿದಿಲ್ಲ. ಬೀದಿಯಲ್ಲಿ ಹೋಗುವವರು ಕತ್ತೆತ್ತಿಯೂ ನೋಡುವುದಿಲ್ಲ. ನಾನು ಮಾತ್ರ ತಿರುಚಿದ ಕೊಡೆಯಡಿ ಬಹಳ ಹೊತ್ತು ನಿಂತಿದ್ದೆ, ಏಕೆಂದರೆ ಇದರ ಹಿಂದಿನ ಕಥೆ ಗೋಡೆಗಿಂತ ಸೊಗಸಾದದ್ದು.

ಕಥೆ ಶುರುವಾಗುವುದು ಸೋಲಿನಿಂದ. 1346ರಲ್ಲಿ ಕ್ರೆಸಿಯ ಕಾಳಗದಲ್ಲಿ ಇಂಗ್ಲಿಷರ ಬಿಲ್ಲುಗಾರರು ಫ್ರಾನ್ಸಿನ ಕುದುರೆ ಸರದಾರರನ್ನು ನೆಲಕ್ಕೆ ಕೆಡವಿದರು. 1369ರಲ್ಲಿ ದೊರೆ ಐದನೇ ಶಾರ್ಲ್, ಜನ ದಾಳ ಉರುಳಿಸುವುದು ಮುಂತಾದ ಕೆಲಸಕ್ಕೆ ಬಾರದ ಆಟ ಬಿಟ್ಟು ಬಿಲ್ಲು ಮತ್ತು ಅಡ್ಡಬಿಲ್ಲಿನ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಉತ್ತರದ ಊರುಗಳಲ್ಲಿ ಬಿಲ್ಲಿನವರ ಸಂಘ, ಅಡ್ಡಬಿಲ್ಲಿನವರ ಸಂಘ ಬೇರೂರಿದವು. ಕೋವಿ ಬಂದ ಮೇಲೆ ಹದಿನಾರನೇ ಶತಮಾನದಲ್ಲಿ ಕೋವಿಯವರ ಸಂಘವೂ ಸೇರಿಕೊಂಡಿತು. ಸಂಘದವರು ಸೈನಿಕರಲ್ಲ: ಕಸಾಯಿ, ವಕೀಲ, ಬಟ್ಟೆ ವ್ಯಾಪಾರಿ, ಇಂಥವರು. ಊರ ಗೋಡೆಗೆ ಕಾವಲು, ದೊರೆ ಬಂದಾಗ ಮೆರವಣಿಗೆ, ಉಳಿದ ದಿನ ಗುರಿ ಅಭ್ಯಾಸ. ಅದಕ್ಕೆ ಒಂದು ತೋಟ ಬೇಕು, ಸಭೆಗೂ ಊಟಕ್ಕೂ ಒಂದು ಮನೆ ಬೇಕು. ನನ್ನ ಎದುರು ನಿಂತಿದ್ದು ಆ ಮನೆ.

ವರ್ಷಕ್ಕೊಮ್ಮೆ ಹಕ್ಕಿ ಹೊಡೆಯುವ ಹಬ್ಬ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಗಿಳಿಯನ್ನು ಎತ್ತರದ ಕಂಬದ ತುದಿಗೆ ಕಟ್ಟುತ್ತಿದ್ದರು. ಅದನ್ನು ಉದುರಿಸಿದವನು ಆ ವರ್ಷದ "ದೊರೆ". ಬಿರುದು ಬರೀ ಹೆಸರಿಗಲ್ಲ, ಆ ವರ್ಷ ಅವನಿಗೆ ತೆರಿಗೆ ಮಾಫಿ. ಕೆಲವು ಊರುಗಳಲ್ಲಿ ದ್ರಾಕ್ಷಾರಸ ಮಾರುವುದಕ್ಕೂ ಸುಂಕವಿಲ್ಲ. ಸತತ ಮೂರು ವರ್ಷ ಹೊಡೆದವನು "ಚಕ್ರವರ್ತಿ". ಒಂದು ಗುಂಡಿಗೆ ವರ್ಷದ ತೆರಿಗೆ ಉದುರುತ್ತದೆ ಎಂದಾದರೆ ವ್ಯಾಪಾರಿಗಳು ಎಷ್ಟು ಶ್ರದ್ಧೆಯಿಂದ ಗುರಿ ಹಿಡಿದಿರಬೇಕು!

"ಇದು ನಮ್ಮ ಕೈಲ್ ಪೊಳ್ದ್ ಅಲ್ಲವೇ ಅತ್ತೆ? ಗಿಳಿಯ ಬದಲು ತೆಂಗಿನಕಾಯಿ" ಎಂದ ಸುಹಾಸ್. ಕೊಡಗಿನಲ್ಲಿ ಮರದ ತುದಿಗೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವುದನ್ನು ಕಂಡವರಿಗೆ ಈ ಹಬ್ಬವನ್ನು ಊಹಿಸಿಕೊಳ್ಳಲು ಚಿತ್ರವೇ ಬೇಡ. ಆದರೆ ನಮ್ಮಲ್ಲಿ ಕಾಯಿ ಒಡೆದವರಿಗೆ ತೆರಿಗೆ ಮಾಫಿಯಿಲ್ಲ ಎಂದೆ.

ಹದಿನೇಳು, ಹದಿನೆಂಟನೇ ಶತಮಾನಗಳಿಗೆ ಬರುವಷ್ಟರಲ್ಲಿ ಗೋಡೆ ಕಾಯುವ ಕೆಲಸ ದೊರೆಯ ಖಾಯಂ ಸೈನ್ಯಕ್ಕೆ ಹೋಗಿತ್ತು. ಸಂಘಗಳಿಗೆ ಉಳಿದದ್ದು ಆಟ, ಊಟ, ಠೀವಿ. ಒಂದು ಊರಿನವರು ಸುತ್ತಲ ಊರಿನ ಸಂಘಗಳನ್ನೆಲ್ಲ ಕರೆದು ದೊಡ್ಡ ಪಂದ್ಯ ನಡೆಸುತ್ತಿದ್ದರು. 1774ರಲ್ಲಿ ಸ್ಯಾಂ-ಕಾಂತಾಂನಲ್ಲಿ, 1778ರಲ್ಲಿ ಮೋ ಊರಿನಲ್ಲಿ ನಡೆದವು ಕೊನೆಯ ದೊಡ್ಡ ಪಂದ್ಯಗಳ ಪೈಕಿ. ಬಂದವರಿಗೆ ಬಣ್ಣದ ಸಮವಸ್ತ್ರ, ಮುಂದೆ ಡೋಲು, ಧ್ವಜ, ಜೊತೆಗೆ ಒಂದೊಂದು ಊರಿಗೂ ಒಂದೊಂದು ಅಡ್ಡಹೆಸರು: ಮೋ ಊರಿನವರು ಬೆಕ್ಕುಗಳು, ಶೋನಿಯವರು ಕೋತಿಗಳು. ಯಾರೂ ಸಿಟ್ಟಾಗುತ್ತಿರಲಿಲ್ಲ, ಶೋನಿಯವರು ಕೋತಿಯನ್ನು ತಮ್ಮದೇ ಲಾಂಛನ ಮಾಡಿಕೊಂಡರು.

ಆಮೇಲೆ ಕ್ರಾಂತಿ. ಎಲ್ಲರೂ ಸಮಾನರು ಎಂದಾದ ಮೇಲೆ ತೆರಿಗೆ ಮಾಫಿಯ ಸಂಘ ಯಾಕೆ? 1790ರ ಜೂನ್‌ನಲ್ಲಿ ರಾಷ್ಟ್ರೀಯ ಸಭೆ ಇಂಥ ಸಂಘಗಳನ್ನೆಲ್ಲ ರಾಷ್ಟ್ರೀಯ ಕಾವಲು ಪಡೆಯಲ್ಲಿ ಕರಗಿಸಿತು, ಧ್ವಜಗಳನ್ನು ಚರ್ಚಿನಲ್ಲಿ ತೂಗುಹಾಕಿರಿ ಎಂದಿತು. ತೋಟ, ಮನೆಗಳು ರಾಷ್ಟ್ರದ ಆಸ್ತಿಯಾಗಿ ಕೈ ಬದಲಾಯಿಸಿದವು. ದಿಜೋನಿನಲ್ಲಿ ಕೋವಿಯವರ ಜಾಗ ಈಗ ಸಸ್ಯೋದ್ಯಾನ, ಹೆಸರು ಮಾತ್ರ ಇಂದಿಗೂ ಆರ್ಕೆಬ್ಯೂಜ್ ತೋಟ. ಸ್ವಾಸೋಂನಲ್ಲಿ ಮನೆ ಉಳಿದದ್ದೇ ಪುಣ್ಯ. 1870ರ ಮುತ್ತಿಗೆ, 1914ರಿಂದ ನಾಲ್ಕು ವರ್ಷದ ಫಿರಂಗಿ ಎಲ್ಲವನ್ನೂ ದಾಟಿದ ಊರು ಇದು. ಮಳೆಗಾಲದ ಫೋಟೋಗೆ ಇಟ್ಟಿಗೆಯ ಬಣ್ಣ ಚೆನ್ನಾಗಿ ಬರುತ್ತದೆ. ನೋಡಲು ಹೋಗುವವರು ಬಿಸಿಲಿಗೆ ಕಾಯಬೇಕಾಗಿಲ್ಲ.

ಮಧ್ಯಾಹ್ನ ಈ ಸಲ ಹನ್ನೆರಡೂವರೆಗೇ ಹೋಟೆಲಿನಲ್ಲಿ ಹಾಜರು. ಬೆಳಗಿನ ಅಜ್ಜಿಯ ಕಾಳನ್ನೇ ಬಾತುಕೋಳಿ, ಸಾಸೇಜು ಸೇರಿಸಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿ ಸ್ವಾಸುಲೆ ಎಂದು ಕೊಡುತ್ತಾರೆ. ಸುಹಾಸ್ ಅದನ್ನು ತಿಂದ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಬಡಿಸುವ ಹುಡುಗ ಒಳಗೆ ಹೋಗಿ ವಿಚಾರಿಸಿ, ಬೆಣ್ಣೆ, ಬೆಳ್ಳುಳ್ಳಿ, ಥೈಮ್ ಎಲೆಯಲ್ಲಿ ಹುರಿದ ಬರೀ ಕಾಳು ತಂದಿಟ್ಟ. ಸಿಪ್ಪೆ ಹರಿದಿರಲಿಲ್ಲ, ಒಳಗೆ ಬೆಣ್ಣೆಯೇ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಲು ಸಂಕೋಚಪಡಬಾರದು, ಆದರೆ ಜನ ತುಂಬುವ ಮೊದಲೇ ಕೇಳಬೇಕು.

ಊಟದ ನಂತರ ನದಿ ದಾಟಿ ಸ್ಯಾಂ-ಮೆದಾರ್ ಮಠದ ಕಡೆ ನಡೆದೆವು. ಸಂತ ಮೆದಾರ್‌ನ ಸಮಾಧಿಯ ಮೇಲೆ ಆರನೇ ಶತಮಾನದಲ್ಲಿ ಕಟ್ಟಿದ ಈ ಮಠ ಒಂದು ಕಾಲಕ್ಕೆ ಫ್ರಾನ್ಸಿನ ದೊಡ್ಡ ಮಠಗಳಲ್ಲಿ ಒಂದು. ಈಗ ಉಳಿದಿರುವುದು ನೆಲದಡಿಯ ಕಲ್ಲಿನ ಕೋಣೆಗಳು. ಅವುಗಳ ಬಾಗಿಲು ಎಲ್ಲ ದಿನವೂ ತೆರೆದಿರುವುದಿಲ್ಲ, ಮಾರ್ಗದರ್ಶಿಯೊಂದಿಗಿನ ಭೇಟಿ ಯಾವಾಗ ಎಂದು ಊರಿನ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಂಡೇ ಹೋಗಬೇಕು. ನಮಗೆ ಹೊರಗಿನ ಹುಲ್ಲು, ಗೋಡೆ, ಒಂದು ಸಿಡುಕಿನ ಹೆಬ್ಬಾತು ಇಷ್ಟೇ ಸಿಕ್ಕಿದ್ದು. ಹೆಬ್ಬಾತು ಸುಹಾಸನ ಪ್ಯಾಂಟಿನ ಅಂಚು ಹಿಡಿದು ಎಳೆಯಿತು.

ನಾನು ಅಲ್ಲಿಗೆ ಹೋದ ಕಾರಣ ಬೇರೆ. ಬಾಣಗಳಿಂದ ಚುಚ್ಚಿಸಿಕೊಂಡ ಸಂತ ಸೆಬಾಸ್ಟಿಯನ್‌ನ ಅವಶೇಷಗಳನ್ನು 826ರಲ್ಲಿ ರೋಮಿನಿಂದ ತಂದು ಇಟ್ಟದ್ದು ಇದೇ ಮಠದಲ್ಲಿ. ಬಾಣ ತಿಂದವನು ಬಾಣ ಬಿಡುವವರ ದೇವರಾದ. ಹಾಗಾಗಿ ಆಗ ಫ್ರಾನ್ಸಿನ ಬಿಲ್ಲಿನ ಸಂಘಗಳಿಗೆಲ್ಲ ಸ್ಯಾಂ-ಮೆದಾರ್‌ನ ಮಠಾಧೀಶರೇ ಹಿರಿಯರಾಗಿದ್ದರು. 1733ರಲ್ಲಿ ಮಠಾಧೀಶ ಆರ್ನೋ ದ ಪೊಂಪೋನ್ ಇಡೀ ರಾಜ್ಯದ ಬಿಲ್ಲುಗಾರರಿಗೆ ಒಂದು ನಿಯಮಾವಳಿ ಹೊರಡಿಸಿದರು. ಸಂಘದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಆ ನಿಯಮಗಳ ನೆರಳು ಈಗಲೂ ಇದೆಯೆಂದು ಮರುದಿನ ಕಂಡೆ. ಕೋವಿಯವರಿಗೆ ಇಟ್ಟಿಗೆಯ ಚಂದದ ಮನೆಯಿತ್ತು, ಬಿಲ್ಲಿನವರಿಗೆ ಒಂದು ಪಾಳು ಮಠ. ಆದರೂ ಉಳಿದವರು ಬಿಲ್ಲಿನವರು.

ಭಾನುವಾರ: ಕ್ರೆಪಿ-ಆಂ-ವಾಲ್ವಾ

ಪ್ಯಾರಿಸ್ ಕಡೆಯ ರೈಲಿನಲ್ಲಿಯೇ ಅರ್ಧ ಗಂಟೆಯ ದಾರಿ. ಭಾನುವಾರ ಗಾಡಿಗಳು ವಿರಳ, ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿಟ್ಟುಕೊಂಡಿರದಿದ್ದರೆ ನಿಲ್ದಾಣದಲ್ಲಿಯೇ ಅರ್ಧ ದಿನ ಕಳೆಯುತ್ತಿತ್ತು. ಕೊನೆಗೂ ಬಿಸಿಲು ಬಂದಿತ್ತು. ನಿಲ್ದಾಣದಿಂದ ಹಳೆಯ ಊರಿಗೆ ಏರುದಾರಿ, ಬೇಲಿಗಳ ಮೇಲೆಲ್ಲ ನೀಲಿ ವಿಸ್ಟೀರಿಯ ಗೊಂಚಲು. ಇಂಗ್ಲೆಂಡಿನ ಸಂತ ಥಾಮಸ್ ಬೆಕೆಟ್ಟನ ಹೆಸರಿನ ಮುರಿದ ಚರ್ಚೊಂದು ದಾರಿಯಲ್ಲಿ ಎದುರಾಯಿತು. ಅದರ ಎದುರಿನ ಬೇಕರಿಯಲ್ಲಿ ಊರೆಲ್ಲ ಸಾಲು ನಿಂತಿತ್ತು.

ಹಳೆಯ ಕೋಟೆಮನೆಯೊಂದರಲ್ಲಿ ಬಿಲ್ಲುಗಾರಿಕೆಯ ವಸ್ತುಸಂಗ್ರಹಾಲಯವಿದೆ. ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚಿರುತ್ತದೆ, ವಸಂತದ ನಂತರ ಹೋಗಬೇಕು. ಬೇರೆ ಬೇರೆ ಖಂಡಗಳ ಬಿಲ್ಲು, ಬತ್ತಳಿಕೆ, ಅಡ್ಡಬಿಲ್ಲು, ಸಂಘಗಳ ಧ್ವಜ. ಇನ್ನೊಂದು ಕಡೆ ಸುತ್ತಲ ಹಳ್ಳಿಯ ಚರ್ಚುಗಳಿಂದ ತಂದ ಮರದ, ಕಲ್ಲಿನ ವಿಗ್ರಹಗಳು. ಅವುಗಳಲ್ಲಿ ಸೆಬಾಸ್ಟಿಯನ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಹಳ್ಳಿಯ ಶಿಲ್ಪಿಗಳು ಅವನಿಗೆ ನೋವಿನ ಮುಖ ಕೊಟ್ಟೇ ಇಲ್ಲ. ಬಾಣ ನೆಟ್ಟರೂ ಪಕ್ಕದ ಮನೆಯವನ ಮಾತು ಕೇಳುತ್ತಿರುವವನಂತೆ ನಿಂತಿದ್ದಾನೆ.

ಬಿಲ್ಲಿನವರು ಇನ್ನೂ ಆಡುತ್ತಾರೆಯೇ ಎಂದು ಟಿಕೆಟ್ ಕೊಡುವವರನ್ನು ಕೇಳಿದೆವು. "ಭಾನುವಾರವಲ್ಲವೇ, ಈಗಲೇ ಆಡುತ್ತಿರುತ್ತಾರೆ" ಎಂದು ದಾರಿ ತೋರಿಸಿದರು. ಒಂದು ಮರದ ಬಾಗಿಲು, ತಟ್ಟಿದರೆ ಒಳಗಿನಿಂದ ನಾಯಿಯ ಬೊಗಳು. ಬಾಗಿಲು ತೆರೆದ ಹಿರಿಯರು ಎಪ್ಪತ್ತು ದಾಟಿದವರು, ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕಾಫಿ ಲೋಟ. ಸುಹಾಸ್ ಬಾಯ್ತುಂಬ "ಮೆಸ್ಯೂ" ಎಂದು ಕರೆದು ನಾವು ಬಂದ ಕಾರಣ ಹೇಳಿದ. ಭಾರತದಿಂದ ಬಂದವರು ಎಂದು ತಿಳಿದದ್ದೇ ತಡ, ಹಿರಿಯರು ಒಳಗಿದ್ದವರನ್ನೆಲ್ಲ ಕೂಗಿ ಕರೆದರು.

ಅದು ತೋಟವೇ. ಉದ್ದಕ್ಕೆ ಒಂದು ಹಾದಿ, ಎರಡು ತುದಿಯಲ್ಲಿ ಪುಟ್ಟ ಮಾಡಿನಡಿ ಒಂದೊಂದು ಗುರಿ, ನಡುವೆ 50 ಮೀಟರ್. ಹಾದಿಯ ಇಬ್ಬದಿಗಳಲ್ಲಿ ಆಳೆತ್ತರದ ದಪ್ಪ ಹಲಗೆಗಳು ಒಂದರ ನಂತರ ಒಂದು ನಿಂತಿವೆ. ಅಡ್ಡಾದಿಡ್ಡಿ ಹೋದ ಬಾಣ ಅವುಗಳಿಗೆ ನೆಡುತ್ತದೆ, ಆಚೆ ನಡೆಯುವವರಿಗೆ ತಾಗುವುದಿಲ್ಲ. ಇದು ಬೆರ್ಸೋ ಎಂಬ ಆಟ. ಒಬ್ಬೊಬ್ಬರು ಒಂದೊಂದೇ ಬಾಣ ಬಿಡುತ್ತಾರೆ. ಎಲ್ಲರದ್ದೂ ಆದ ಮೇಲೆ ಪಕ್ಕದ ಓಣಿಯಲ್ಲಿ ಆ ತುದಿಗೆ ನಡೆದು, ಬಾಣ ಕಿತ್ತುಕೊಂಡು, ಅಲ್ಲಿಂದ ಈ ತುದಿಗೆ ಬಿಡುತ್ತಾರೆ. ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹೋಗುವುದು, ಬರುವುದು, ದಾರಿಯುದ್ದ ಹರಟೆ. ನಡುವಿನ ಹಾದಿಯಲ್ಲಿ ನಡೆಯುವ ಹಕ್ಕು ಆ ವರ್ಷದ ದೊರೆಗೆ ಮಾತ್ರ, ಉಳಿದವರು ಪಕ್ಕದಲ್ಲಿಯೇ ಹೋಗಬೇಕು ಎಂದರು ಹಿರಿಯರು. ಆ ವರ್ಷದ ದೊರೆ ಯಾರು ಎಂದಾಗ ಮೂಲೆಯಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದ ಶಾಲಾ ಹುಡುಗಿಯೊಬ್ಬಳು ಕೈಯೆತ್ತಿದಳು.

ಅವಳು ಉದುರಿಸಿದ ಹಕ್ಕಿಯನ್ನು ನೋಡಲು ಕೊಟ್ಟಳು. ಹೆಬ್ಬೆರಳಿನಷ್ಟು ಅಗಲ, ಎರಡಂಗುಲ ಉದ್ದದ ಮರದ ಚೂರು, 50 ಮೀಟರ್ ದೂರದಿಂದ ಕಾಣುವುದೇ ಕಷ್ಟ. ಉತ್ತರದ ಗಡಿಯ ಕಡೆ ಈಗಲೂ ಎತ್ತರದ ಕಂಬದ ಮೇಲಿನ ಹಕ್ಕಿಗೆ ಹೊಡೆಯುತ್ತಾರಂತೆ. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅದೂ ಒಂದು ಸ್ಪರ್ಧೆಯಾಗಿತ್ತು. ಇವಳಿಗೆ ತೆರಿಗೆ ಮಾಫಿ ಉಂಟೇ ಎಂದು ನಾನು ಸುಹಾಸನಿಂದ ಕೇಳಿಸಿದೆ. ಹುಡುಗಿ ನಕ್ಕಳು, ಹಿರಿಯರು ನಗಲಿಲ್ಲ: "ಮೊದಲು ಅವಳ ಅಪ್ಪನಿಗೆ ಸಿಗಲಿ."

ಕೋವಿಯವರನ್ನು ಮುಚ್ಚಿಸಿದ 1790ರ ಆಜ್ಞೆ ಬಿಲ್ಲಿನವರಿಗೂ ಅನ್ವಯಿಸಿತ್ತು. ಹಾಗಿದ್ದರೆ ನೀವು ಹೇಗೆ ಉಳಿದಿರಿ ಎಂದು ಕೇಳಿದೆ. ಹಿರಿಯರು ಹಲಗೆಗೆ ಒರಗಿ ಯೋಚಿಸಿದರು. ಬಿಲ್ಲಿಗೆ ಮದ್ದು ಬೇಡ, ಸೀಸ ಬೇಡ, ಸದ್ದೂ ಇಲ್ಲ, ಗೋಡೆಯ ಹಿಂದೆ ಆಡಿದರೆ ಯಾರಿಗೆ ಗೊತ್ತಾಗುತ್ತದೆ? ಮುಂದಿನ ಶತಮಾನದಲ್ಲಿ ಮತ್ತೆ ಒಗ್ಗೂಡಿದೆವು, ಹಳೆಯ ನಿಯಮಗಳನ್ನೇ ಹಿಡಿದೆವು ಎಂದರು. ಇತಿಹಾಸಕಾರರು ಇದಕ್ಕೆ ಬೇರೆ ಕಾರಣ ಕೊಡಬಹುದು. ನನಗೆ ಮಾತ್ರ ಅವರ ಮಾತು ಒಪ್ಪಿಗೆಯಾಯಿತು. ಕೋವಿ ಯಾವತ್ತೂ ಸರ್ಕಾರದ ಕಣ್ಣಿಗೆ ಬೀಳುವ ವಸ್ತು, ಬಿಲ್ಲು ಹತ್ತೊಂಬತ್ತನೇ ಶತಮಾನಕ್ಕೆ ಆಟದ ಸಾಮಾನಾಗಿತ್ತು. ಯಾರಿಗೂ ಬೇಡವಾದದ್ದೇ ಅದನ್ನು ಕಾಪಾಡಿತು.

ಈಗಲೂ ಪ್ರತಿ ವಸಂತದಲ್ಲಿ ಒಂದು ಊರು ಎಲ್ಲ ಸಂಘಗಳನ್ನು ಕರೆಯುತ್ತದೆ. ಧ್ವಜಗಳ ಸಾಲು, ಬಿಳಿ ಉಡುಪಿನ ಹುಡುಗಿಯರು, ಪಿಂಗಾಣಿ ಹೂದಾನಿಯಲ್ಲಿ ಒಂದು ಹೂಗುಚ್ಛ. ಅದನ್ನು ಮುಂದಿನ ವರ್ಷ ಕರೆಯುವ ಊರಿಗೆ ಹಸ್ತಾಂತರಿಸುತ್ತಾರೆ. ಹಿರಿಯರು ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು, ಪ್ರತಿಯೊಂದರಲ್ಲಿಯೂ ತಾವು ಎಲ್ಲಿದ್ದೇವೆ ಎಂದು ಬೆರಳಿಟ್ಟು.

ಹೊರಡುವ ಮೊದಲು ಸುಹಾಸನ ಕೈಗೆ ಒಂದು ಕಲಿಕೆಯ ಬಿಲ್ಲು ಕೊಟ್ಟರು. ಮೊದಲ ಬಾಣ ಬಿಡುವ ಮುನ್ನ ಸೇರಿದವರಿಗೆಲ್ಲ "ಮಹಿಳೆಯರೇ, ಮಹನೀಯರೇ, ನಿಮಗೆ ವಂದನೆ" ಎನ್ನಬೇಕು. ಅವನು ಫ್ರೆಂಚಿನಲ್ಲಿ ಹಾಗೆ ಅಂದ. ಎಲ್ಲರೂ ಒಕ್ಕೊರಲಿನಿಂದ "ಸಾಲ್ಯು" ಎಂದು ಮರುನುಡಿದರು. ಹತ್ತಿರದ ಗುರಿಗೇ ಬಿಟ್ಟರೂ ಬಾಣ ಎಡಗಡೆಯ ಹಲಗೆಗೆ ನೆಟ್ಟಿತು. ಅವನು ಕನ್ನಡದಲ್ಲಿ ಒಂದು ಮಾತು ಗೊಣಗಿದ. ತೋಟದಲ್ಲಿ ಕೆಟ್ಟ ಮಾತಾಡಿದರೆ ದಂಡ ಎಂದು ಹಿರಿಯರು ತಕ್ಷಣ ಬೆರಳೆತ್ತಿದರು, ಭಾಷೆ ತಿಳಿಯದಿದ್ದರೂ ಮುಖ ನೋಡಿದರೆ ಗೊತ್ತಾಗುತ್ತದೆ ಎಂದರು. ಅವನು ಎರಡು ಯೂರೋ ಡಬ್ಬಿಗೆ ಹಾಕಿ, ಸದಸ್ಯನಾಗಲು ಏನು ಮಾಡಬೇಕು ಎಂದು ಕೇಳಿದ. ಸೆಪ್ಟೆಂಬರಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತೇವೆ, ಮೊದಲು ಹುಲ್ಲು ಕೊಯ್ಯುವುದು, ಹಲಗೆಗೆ ಬಣ್ಣ ಬಳಿಯುವುದು, ಬಿಲ್ಲು ಆಮೇಲೆ ಎಂದರು ಹಿರಿಯರು.